108 ಬರೋ ತನಕ ಮನೆ ಮಕ್ಕಳೇ ಆಸರೆ

ತೆರೆಯ ಮೇಲಿನ ಆಟದಲ್ಲಿ ಜೀವ ಉಳಿಸುವ ಪಾಠ: ಗಡಿಯ ಹೈಸ್ಕೂಲ್‌ಗಳಿಗೂ ಬೇಕು

ಹಿಂದೂಪುರ/ಕಲ್ಯಾಣದುರ್ಗ: ರಜೆ ದಿನ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ನಮ್ಮ ಕಡೆಯ ಯಾವುದೇ ಹಳ್ಳಿಗೆ ಹೋಗಿ ನೋಡಿ. ಅಪ್ಪ ಶೇಂಗಾ ಹೊಲದಲ್ಲೋ, ಬೆಂಗಳೂರಿನ ಕಟ್ಟಡ ಕೆಲಸದಲ್ಲೋ ಇರುತ್ತಾನೆ. ಅಮ್ಮ ಗಾರ್ಮೆಂಟ್ಸ್‌ಗೆ ಹೋಗಿರುತ್ತಾಳೆ. ಮನೆಯಲ್ಲಿ ಉಳಿಯುವವರು ತಾತ, ಅಜ್ಜಿ ಮತ್ತು ಹೈಸ್ಕೂಲಿಗೆ ಹೋಗುವ ಹುಡುಗ, ಹುಡುಗಿಯರು. ಇಂಥ ಹೊತ್ತಿನಲ್ಲಿ ತಾತ ಜಗಲಿ ಮೇಲೆ ಕುಸಿದರೆ ಮೊದಲು ಓಡಿ ಬರುವವನು ಒಂಬತ್ತನೇ ಕ್ಲಾಸಿನ ಮೊಮ್ಮಗ. ಡಾಕ್ಟರು, ನರ್ಸು ಎಲ್ಲಾ ಆಮೇಲೆ.

ಆ ಹುಡುಗ ಏನು ಮಾಡಬೇಕು? ನೀರು ಚಿಮುಕಿಸಬೇಕಾ, ಕಾಲು ತಿಕ್ಕಬೇಕಾ, ಬೀದಿಗೆ ಓಡಿ ಕೂಗಬೇಕಾ? ಹೃದಯ ನಿಂತ ಮೇಲೆ ಎದೆ ಒತ್ತುವ ಕೆಲಸ, ಅಂದರೆ ಸಿಪಿಆರ್, ಶುರುವಾಗದಿದ್ದರೆ ಬದುಕುವ ಅವಕಾಶ ಪ್ರತಿ ನಿಮಿಷಕ್ಕೆ ಶೇ 7ರಿಂದ 10ರಷ್ಟು ಇಳಿಯುತ್ತಾ ಹೋಗುತ್ತದೆ ಎಂದು ವೈದ್ಯಶಾಸ್ತ್ರ ಹೇಳುತ್ತದೆ. ನಮ್ಮಂಥ ಬಿ.ಕಾಂ ಓದಿದವರ ಭಾಷೆಯಲ್ಲಿ ಹೇಳುವುದಾದರೆ ಇಲ್ಲಿ ಕರಗುವುದು ಬಡ್ಡಿಯಲ್ಲ, ಅಸಲು. ಆಂಬುಲೆನ್ಸ್ ಎಷ್ಟೇ ಬೇಗ ಹೊರಟರೂ ಮುಖ್ಯರಸ್ತೆಯಿಂದ ಒಳಗಿರುವ ಹಳ್ಳಿ ಸೇರುವಷ್ಟರಲ್ಲಿ ಮೊದಲ ಹತ್ತು ನಿಮಿಷ ಮುಗಿದುಹೋಗಿರುತ್ತದೆ. ಆ ಹತ್ತು ನಿಮಿಷ ಮನೆಯವರ ಕೈಯಲ್ಲೇ ಇರುವುದು.

ಇದನ್ನು ಮಕ್ಕಳಿಗೆ ಕಲಿಸುವುದು ಹೇಗೆ ಎಂಬ ಪ್ರಶ್ನೆಗೆ ಹೊರದೇಶಗಳಲ್ಲಿ ಸುಮಾರು ಎರಡು ದಶಕದಿಂದ ಒಂದು ಹೊಸ ಉತ್ತರ ಸಿಗುತ್ತಿದೆ. ಕಂಪ್ಯೂಟರ್ ಮತ್ತು ಮೊಬೈಲ್ ತೆರೆಯ ಮೇಲೆ ನಿಜದಂಥ ಸನ್ನಿವೇಶ ಸೃಷ್ಟಿಸಿ, 'ಈಗ ನೀನೇನು ಮಾಡ್ತೀಯ?' ಎಂದು ಮಕ್ಕಳನ್ನೇ ಕೇಳುವ ವಿಧಾನ ಅದು. ವರ್ಚುವಲ್ ಸಿಮ್ಯುಲೇಷನ್ ಎಂದು ದೊಡ್ಡ ಹೆಸರು. ಹಳ್ಳಿ ಮಾತಲ್ಲಿ ಹೇಳಿದರೆ, ಆಡ್ತಾ ಆಡ್ತಾ ಜೀವ ಉಳಿಸೋದು ಕಲಿಯೋದು.

ಆಟಿಕೆ ಕಂಪನಿಯ ಗೊಂಬೆ

ಈ ವಿದ್ಯೆ ಮೊದಲಿಂದಲೂ ಆಟಿಕೆಯ ಜೊತೆಗೇ ಬೆಳೆದು ಬಂದದ್ದು. 1960ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಸಂಸ್ಥೆಯ ಕೌವೆನ್‌ಹೋವೆನ್, ಜೂಡ್ ಮತ್ತು ನಿಕರ್‌ಬೋಕರ್ ಎಂಬ ಮೂವರು, ಎದೆ ಸೀಳದೆ ಹೊರಗಿನಿಂದಲೇ ಒತ್ತಿ ನಿಂತ ಹೃದಯಕ್ಕೆ ರಕ್ತ ಓಡಿಸಬಹುದು ಎಂದು ಪ್ರಕಟಿಸಿದರು. ಆದರೆ ಕಲಿಯುವವರು ಯಾರ ಎದೆ ಒತ್ತಿ ಅಭ್ಯಾಸ ಮಾಡಬೇಕು? ಚೆನ್ನಾಗಿರುವ ಮನುಷ್ಯನ ಮೇಲೆ ಒತ್ತಿದರೆ ಪಕ್ಕೆಲುಬು ಮುರಿಯುವ ಅಪಾಯ.

ಆಗ ಮುಂದೆ ಬಂದವರು ನಾರ್ವೆ ದೇಶದ ಆಸ್ಮುಂಡ್ ಲಾರ್ಡಾಲ್. ಅವರು ಡಾಕ್ಟರಲ್ಲ, ಮಕ್ಕಳ ಗೊಂಬೆ, ಆಟಿಕೆ ಕಾರು ಮಾಡುವ ಕಂಪನಿ ನಡೆಸುತ್ತಿದ್ದವರು. ನೀರಿಗೆ ಬಿದ್ದ ಸ್ವಂತ ಮಗನನ್ನು ಕೂದಲೆಳೆ ಅಂತರದಲ್ಲಿ ಉಳಿಸಿಕೊಂಡ ತಂದೆ. ವೈದ್ಯ ಪೀಟರ್ ಸಫಾರ್ ಮುಂತಾದವರ ಸಲಹೆಯಂತೆ ಮನುಷ್ಯನಷ್ಟೇ ಎತ್ತರದ ಮೆತ್ತನೆ ಗೊಂಬೆಯೊಂದನ್ನು ಅವರು ಮಾಡಿಕೊಟ್ಟರು. 'ರೆಸಸಿ ಆನ್' ಎಂಬ ಆ ಗೊಂಬೆಯನ್ನು ಇಂದಿಗೂ ಜಗತ್ತಿನ ಎಲ್ಲೆಡೆ ತರಬೇತಿಗೆ ಬಳಸುತ್ತಾರೆ.

ಗೊಂಬೆಗೆ ಒಂದು ಕೊರತೆ ಇದೆ. ಅದು ತರಗತಿಯ ಮೇಜಿನ ಮೇಲೆ ತಣ್ಣಗೆ ಮಲಗಿರುತ್ತದೆ. ನಿಜದ ಮನೆಯಲ್ಲಿ ಹಾಗಿರುವುದಿಲ್ಲ. ಅಜ್ಜಿ ಅಳುತ್ತಾ ಇರುತ್ತಾಳೆ, ಸುತ್ತ ಜನ ಸೇರುತ್ತಾರೆ, ಒಬ್ಬ 'ಆಟೋ ತರಿಸಿ' ಅಂದರೆ ಇನ್ನೊಬ್ಬ 'ಮುಟ್ಟಬೇಡಿ' ಅನ್ನುತ್ತಾನೆ. ಈ ಗದ್ದಲದ ನಡುವೆ ತೀರ್ಮಾನ ತೆಗೆದುಕೊಳ್ಳುವುದನ್ನು ಗೊಂಬೆ ಕಲಿಸಲಾರದು. ಕಂಪ್ಯೂಟರ್ ಆಟ ಬಂದದ್ದು ಈ ಕೊರತೆ ತುಂಬುವುದಕ್ಕೆ.

ಸ್ಟ್ಯಾನ್‌ಫೋರ್ಡ್‌ನಿಂದ ಮೊಬೈಲ್‌ವರೆಗೆ

ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯ ಮತ್ತು ಸ್ವೀಡನ್‌ನ ಕರೋಲಿನ್ಸ್ಕಾ ಸಂಸ್ಥೆಯ ಸಂಶೋಧಕರು ಸೇರಿ ಹೈಸ್ಕೂಲ್ ಮಕ್ಕಳಿಗೆ ಇಂಥ ಒಂದು ಕಾಲ್ಪನಿಕ ಲೋಕದಲ್ಲಿ ಸಿಪಿಆರ್ ಕಲಿಸಿ ನೋಡಿದರು. 2007ರಲ್ಲಿ ಅದರ ವರದಿ ಪ್ರಕಟವಾಯಿತು. ಆ ತಂಡದಲ್ಲಿ ಪಾರ್ವತಿ ದೇವ್ ಅವರೂ ಇದ್ದರು. ಪ್ರತಿ ಮಗುವಿಗೂ ತೆರೆಯ ಮೇಲೆ ಒಂದು ಬೊಂಬೆ ರೂಪ. ಒಬ್ಬರಿಗೊಬ್ಬರು ಮಾತಾಡಿಕೊಳ್ಳುತ್ತಾ ಕುಸಿದು ಬಿದ್ದವರನ್ನು ನೋಡಿಕೊಳ್ಳಬೇಕು. ಯಾರು ಫೋನ್ ಮಾಡಬೇಕು, ಯಾರು ಎದೆ ಒತ್ತಬೇಕು ಎಂದು ತಾವೇ ಹಂಚಿಕೊಳ್ಳಬೇಕು.

2013ರಲ್ಲಿ ಬ್ರಿಟನ್ನಿನ ರೆಸಸಿಟೇಷನ್ ಕೌನ್ಸಿಲ್ 'ಲೈಫ್‌ಸೇವರ್' ಎಂಬ ಆಟ-ಸಿನಿಮಾವನ್ನು ಉಚಿತವಾಗಿ ಕೊಟ್ಟಿತು. ನಿಜವಾದ ನಟರು ನಟಿಸಿದ ದೃಶ್ಯ. ಒಬ್ಬರು ಬೀಳುತ್ತಾರೆ, ಚಿತ್ರ ನಿಲ್ಲುತ್ತದೆ, ತೆರೆ ಮೇಲೆ ಆಯ್ಕೆಗಳು ಬರುತ್ತವೆ. ಗಡಿಯಾರ ಓಡುತ್ತಿರುತ್ತದೆ. ತಡ ಮಾಡಿದರೆ, ತಪ್ಪು ಆರಿಸಿದರೆ ಅದರ ಫಲ ಕಣ್ಣೆದುರೇ ಕಾಣುತ್ತದೆ. 2017ರಲ್ಲಿ ಇದೇ ಪಾಠ, ಕಣ್ಣಿಗೆ ಪೆಟ್ಟಿಗೆ ಕಟ್ಟಿಕೊಂಡು ನೋಡುವ ವಿಆರ್ ರೂಪದಲ್ಲೂ ಬಂತು. ತಲೆ ಯಾವ ಕಡೆ ತಿರುಗಿಸಿದರೂ ನೀವು ಆ ಜಾಗದಲ್ಲೇ ನಿಂತಂತೆ ಕಾಣುತ್ತದೆ.

ಹಾಗಾದರೆ ಗೊಂಬೆ, ಮೇಷ್ಟ್ರು ಯಾರೂ ಬೇಡವೇ? ಬೇಕು. 2019ರ ಆಗಸ್ಟ್‌ನಲ್ಲಿ ನೆದರ್‌ಲೆಂಡ್ಸ್‌ನ ಒಂದು ದೊಡ್ಡ ಸಂಗೀತ ಉತ್ಸವದಲ್ಲಿ ವೈದ್ಯರು ಒಂದು ಪರೀಕ್ಷೆ ಮಾಡಿದರು. ಉತ್ಸವಕ್ಕೆ ಬಂದವರಲ್ಲಿ 381 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಿಆರ್ ಪಾಠ, ಇನ್ನೊಂದಕ್ಕೆ ಮೇಷ್ಟ್ರ ಎದುರು ಪಾಠ, ಎರಡೂ 20 ನಿಮಿಷ. ಎದೆ ಒತ್ತುವ ವೇಗದಲ್ಲಿ ವಿಆರ್ ಗುಂಪು ಹಿಂದೆ ಬೀಳಲಿಲ್ಲ. ಆದರೆ ಒತ್ತುವ ಆಳದಲ್ಲಿ ವ್ಯತ್ಯಾಸ ಬಂತು. ಮೇಷ್ಟ್ರಿಂದ ಕಲಿತವರು ಸರಾಸರಿ 57 ಮಿಲಿಮೀಟರ್ ಒತ್ತಿದರೆ ವಿಆರ್‌ನವರು 49 ಮಿ.ಮೀ. ಬೇಕಾದದ್ದು ಕನಿಷ್ಠ 50.

ಇದರಿಂದ ತಿಳಿಯುವುದು ಇಷ್ಟು. ಏನು ಮಾಡಬೇಕು, ಯಾವಾಗ ಮಾಡಬೇಕು ಎಂಬ ತಲೆಯ ಕೆಲಸವನ್ನು ತೆರೆ ಚೆನ್ನಾಗಿ ಕಲಿಸುತ್ತದೆ. ಎಷ್ಟು ಬಲ ಹಾಕಬೇಕು ಎಂಬ ಕೈಯ ಕೆಲಸಕ್ಕೆ ಗೊಂಬೆಯೋ, ಗಟ್ಟಿ ದಿಂಬೋ, ಪಕ್ಕದಲ್ಲಿ ನಿಂತು 'ಇನ್ನೂ ಜೋರಾಗಿ ಒತ್ತಪ್ಪಾ' ಎನ್ನುವ ಮೇಷ್ಟ್ರೋ ಬೇಕೇ ಬೇಕು. ಎರಡನ್ನೂ ಸೇರಿಸಿದರೆ ಪಾಠ ಪೂರ್ತಿಯಾಗುತ್ತದೆ.

ಮಕ್ಕಳ ಕೈಲಾಗುತ್ತಾ?

ಪಾಲಕರು ಮೊದಲು ಕೇಳುವ ಪ್ರಶ್ನೆ ಇದೇ. 2007ರಲ್ಲಿ ಬ್ರಿಟನ್ನಿನ ವೇಲ್ಸ್‌ನ ಶಾಲಾ ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ 9-10 ವರ್ಷದ ಒಬ್ಬ ಮಗುವೂ ಬೇಕಾದಷ್ಟು ಆಳಕ್ಕೆ ಒತ್ತಲಿಲ್ಲ. 11-12ರ ವಯಸ್ಸಿನವರಲ್ಲಿ ಶೇ 19ರಷ್ಟು, 13-14ರವರಲ್ಲಿ ಶೇ 45ರಷ್ಟು ಮಕ್ಕಳು ಸರಿಯಾಗಿ ಒತ್ತಿದರು. ದೊಡ್ಡವರೂ ಇದಕ್ಕಿಂತ ಬಹಳ ಮುಂದೇನೂ ಇರುವುದಿಲ್ಲ. ಅಂದರೆ ಎಂಟು, ಒಂಬತ್ತನೇ ತರಗತಿಗೆ ಮೈಕಸುವು ಬರುತ್ತದೆ. ಅದಕ್ಕಿಂತ ಚಿಕ್ಕವರು ಒತ್ತಲಾರದೆ ಹೋದರೂ ಫೋನ್ ಮಾಡಬಲ್ಲರು, ದೊಡ್ಡವರಿಗೆ ಹೀಗೆ ಮಾಡಿ ಎಂದು ಹೇಳಬಲ್ಲರು.

ಡೆನ್ಮಾರ್ಕ್ ದೇಶ 2005ರಲ್ಲಿ ಶಾಲೆಗಳಲ್ಲಿ ಈ ಪಾಠ ಕಡ್ಡಾಯ ಮಾಡಿತು. ಡ್ರೈವಿಂಗ್ ಲೈಸೆನ್ಸ್ ಪಡೆಯುವವರಿಗೂ ಕಲಿಸಿತು. 2001ರಿಂದ 2010ರ ನಡುವೆ ಅಲ್ಲಿ ಆಸ್ಪತ್ರೆಯ ಹೊರಗೆ ಹೃದಯ ನಿಂತವರಿಗೆ ಅಕ್ಕಪಕ್ಕದವರೇ ಸಿಪಿಆರ್ ಮಾಡುವುದು ಶೇ 21ರಿಂದ ಸುಮಾರು 45ಕ್ಕೆ ಏರಿತು. ಒಂದು ತಿಂಗಳು ದಾಟಿ ಬದುಕಿದವರು ಶೇ 3.5ರಿಂದ 10.8 ಆದರು. ಆಂಬುಲೆನ್ಸ್, ಆಸ್ಪತ್ರೆ ಸುಧಾರಿಸಿದ್ದೂ ಇದಕ್ಕೆ ಕಾರಣ ನಿಜ, ಆದರೆ ಜನ ಕೈ ಹಾಕಿದ್ದು ದೊಡ್ಡ ಕಾರಣ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ 12 ವರ್ಷದಿಂದ ಮೇಲಿನ ಮಕ್ಕಳಿಗೆ ವರ್ಷಕ್ಕೆ ಎರಡು ತಾಸು ಈ ಪಾಠ ಹೇಳಿಕೊಡುವ ಯೋಜನೆಗೆ ಬೆಂಬಲ ಕೊಟ್ಟಿತು. ವರ್ಷಕ್ಕೆ ಬರೀ ಎರಡು ತಾಸು!

ನಮ್ಮ ದೇಶದಲ್ಲೂ ಗಾಳಿ ಬೀಸಿದೆ. 2017ರಲ್ಲಿ ಭಾರತೀಯ ಅರಿವಳಿಕೆ ತಜ್ಞರು ಸಾಮಾನ್ಯ ಜನರಿಗಾಗಿ ಬಾಯಿಂದ ಉಸಿರು ಕೊಡುವ ಗೋಜಿಲ್ಲದ, ಕೇವಲ ಎದೆ ಒತ್ತುವ ಸುಲಭ ವಿಧಾನವನ್ನು ಹೊರತಂದರು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡಾಗ ಗಡಿಯ ಈಚೆಗಿನ ಕನ್ನಡ ಮನೆಗಳಲ್ಲೂ ಒಲೆ ಹಚ್ಚದವರಿದ್ದರು. ಅವರ ಹೆಸರಿನಲ್ಲೇ ಕರ್ನಾಟಕ ಸರ್ಕಾರ 'ಹೃದಯ ಜ್ಯೋತಿ' ಯೋಜನೆ ತಂದಿತು. 2023ರ ಡಿಸೆಂಬರ್ 6ರಂದು ಕೇಂದ್ರ ಸರ್ಕಾರ ದೇಶದಾದ್ಯಂತ ಸಿಪಿಆರ್ ತರಬೇತಿ ನಡೆಸಿತು. 2025ರ ಅಕ್ಟೋಬರ್ 13ರಿಂದ 17ರವರೆಗೆ ಸಿಪಿಆರ್ ಜಾಗೃತಿ ಸಪ್ತಾಹ ನಡೆಯಿತು. ಸಪ್ತಾಹ ಮುಗಿದ ಮೇಲೂ ಪಾಠ ಉಳಿಯಬೇಕಾದದ್ದು ಶಾಲೆಯಲ್ಲಿ.

ನಮ್ಮೂರ ಕಥೆ ಇದ್ದರೆ...

ಬ್ರಿಟನ್ನಿನ ಆಟದಲ್ಲಿ ಇಂಗ್ಲಿಷ್ ಮಾತು, ಅಲ್ಲಿನ ಬೀದಿ, ಅಲ್ಲಿನ ಫೋನ್ ನಂಬರ್. ರೊಳ್ಳ, ಅಮರಾಪುರ, ಗುಡಿಬಂಡೆ, ಅಗಳಿ ಕಡೆಯ ಕನ್ನಡ ಮಾಧ್ಯಮದ ಮಗುವಿಗೆ ಅದು ಯಾರದೋ ಮನೆ ಸಿನಿಮಾ. ನಮಗೆ ಬೇಕಾದದ್ದು ನಮ್ಮ ಜಗಲಿ, ನಮ್ಮ ಹೊಲ, ನಮ್ಮ ಮಾತು. ಇದಕ್ಕೆ ಲಕ್ಷಾಂತರ ರೂಪಾಯಿ ಬೇಕಿಲ್ಲ. ಪವರ್‌ಪಾಯಿಂಟ್ ಬಲ್ಲ ಒಬ್ಬ ಮೇಷ್ಟ್ರು, ಮೊಬೈಲ್‌ನಲ್ಲಿ ಫೋಟೊ ತೆಗೆಯುವ ನಾಲ್ಕು ಮಕ್ಕಳು ಇದ್ದರೆ ಒಂದು ಕಥೆ ಮಾಡಬಹುದು. ಉದಾಹರಣೆಗೆ ಹೀಗೆ:

ದೃಶ್ಯ ಒಂದು. ತಾತ ಜಗಲಿ ಮೇಲೆ ಬಿದ್ದಿದ್ದಾರೆ. ಅಜ್ಜಿ: 'ಅಯ್ಯೋ, ಏನಾಯ್ತೋ ನೋಡೋ ಮಗಾ!' ಆಯ್ಕೆ ಮೂರು. ನೀರು ಕುಡಿಸು, ಭುಜ ತಟ್ಟಿ ಕೂಗು, ಎತ್ತಿ ಕೂಡಿಸು. ನೀರು ಆರಿಸಿದರೆ ತೆರೆ ಹೇಳುತ್ತದೆ: ಎಚ್ಚರವಿಲ್ಲದವರಿಗೆ ನೀರು ಕೊಟ್ಟರೆ ಶ್ವಾಸನಾಳಕ್ಕೆ ಹೋಗುತ್ತದೆ. ಹಿಂದಕ್ಕೆ ಹೋಗಿ ಮತ್ತೆ ಆರಿಸು.

ದೃಶ್ಯ ಎರಡು. ಭುಜ ತಟ್ಟಿ 'ತಾತಾ, ತಾತಾ' ಅಂದರೂ ಉತ್ತರವಿಲ್ಲ. ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಗೊರಕೆಯಂಥ ಸದ್ದು. ಅಜ್ಜಿ: 'ಉಸಿರಾಡ್ತಾವ್ರೆ ಬಿಡು, ನಿದ್ದೆ ಬಂದೈತೆ.' ಇಲ್ಲಿ ಎಷ್ಟೋ ದೊಡ್ಡವರೇ ಮೋಸ ಹೋಗುತ್ತಾರೆ. ಹೃದಯ ನಿಂತ ಮೊದಲ ನಿಮಿಷಗಳಲ್ಲಿ ಇಂಥ ಏದುಸಿರು ಬರುವುದುಂಟು. ಅದನ್ನು ಉಸಿರಾಟ ಅಂತ ಲೆಕ್ಕಕ್ಕೆ ತಗೋಬಾರದು. ಹತ್ತು ಸೆಕೆಂಡ್ ಒಳಗೆ ನೋಡಿ ತೀರ್ಮಾನ ಮಾಡಬೇಕು.

ದೃಶ್ಯ ಮೂರು. ತಂಗಿ 108ಕ್ಕೆ ಫೋನ್ ಹಚ್ಚಿ ಸ್ಪೀಕರ್‌ನಲ್ಲಿ ಇಡುತ್ತಾಳೆ. ಅಣ್ಣ ಎದೆಯ ನಡುವೆ ಅಂಗೈ ಊರುತ್ತಾನೆ. ಈಗ ತೆರೆ ಮೇಲೆ ತಾಳ ಶುರು. ನಿಮಿಷಕ್ಕೆ 100ರಿಂದ 120. ಮಕ್ಕಳೆಲ್ಲ ತಮ್ಮ ತಮ್ಮ ಮುಂದಿನ ದಿಂಬನ್ನು ತಾಳಕ್ಕೆ ಸರಿಯಾಗಿ ಒತ್ತಬೇಕು. ಎರಡು ನಿಮಿಷ ಒತ್ತಿದರೆ ಬೆವರು ಇಳಿಯುತ್ತದೆ. ಆಗ ಗೊತ್ತಾಗುತ್ತದೆ ಇದು ಒಬ್ಬರ ಕೆಲಸವಲ್ಲ, ಕೈ ಬದಲಿಸಬೇಕು ಎಂದು.

ಮಾತಾಡುವ, ಎಚ್ಚರವಿರುವ, ಎದೆನೋವು ಎನ್ನುವವರ ಎದೆ ಒತ್ತಬಾರದು ಎಂಬುದನ್ನೂ ಇನ್ನೊಂದು ದೃಶ್ಯದಲ್ಲಿ ತೋರಿಸಬೇಕು. ಹೃದಯಾಘಾತ ಬೇರೆ, ಹೃದಯ ಸ್ತಂಭನ ಬೇರೆ. ಮೊದಲನೆಯದರಲ್ಲಿ ಹೃದಯಕ್ಕೆ ಹೋಗುವ ರಕ್ತನಾಳ ಕಟ್ಟಿಕೊಂಡಿರುತ್ತದೆ, ಮನುಷ್ಯ ಎಚ್ಚರವಿರುತ್ತಾನೆ. ಕೂಡಿಸಿ, ಓಡಾಡಿಸದೆ, 108 ಕರೆಸಬೇಕು. ಎರಡನೆಯದರಲ್ಲಿ ಹೃದಯವೇ ನಿಂತಿರುತ್ತದೆ, ಒತ್ತಲೇಬೇಕು.

ಹೆಣ್ಣುಮಕ್ಕಳ ವಿಚಾರವೂ ಇದೆ. ತರಗತಿಯಲ್ಲಿ ಎಲ್ಲರೆದುರು ಅಭ್ಯಾಸ ಮಾಡಲು ನಾಚುವ ಹುಡುಗಿ ತೆರೆಯ ಮುಂದೆ, ದಿಂಬಿನ ಮುಂದೆ ನಾಚುವುದಿಲ್ಲ. ಕುಸಿದವರು ಹೆಂಗಸಾದರೆ ಮುಟ್ಟುವುದು ಹೇಗೆ ಎಂದು ಗಂಡಸರು ಹಿಂಜರಿಯುವುದು ಹೊರದೇಶಗಳಲ್ಲೂ ಕಂಡುಬಂದಿದೆ. ಮನೆಯ ಹೆಣ್ಣುಮಗಳಿಗೇ ಗೊತ್ತಿದ್ದರೆ ಆ ಹಿಂಜರಿಕೆಗೆ ಜಾಗವೆಲ್ಲಿ?

ಹಾವು, ಕರೆಂಟು, ಕುಂಟೆ

ನಮ್ಮ ಕಡೆಯ ಆಟದಲ್ಲಿ ಹೃದಯದ ಕಥೆ ಒಂದೇ ಇದ್ದರೆ ಸಾಲದು. ಶೇಂಗಾ ಕೀಳುವಾಗ, ರಾತ್ರಿ ನೀರು ಕಟ್ಟಲು ಹೋದಾಗ ಹಾವು ಕಡಿಯುವುದು ಇಲ್ಲಿ ಹೊಸದಲ್ಲ. 2000ದಿಂದ 2019ರವರೆಗೆ ದೇಶದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58 ಸಾವಿರ ಎಂದು ಅಧ್ಯಯನವೊಂದು ಅಂದಾಜು ಮಾಡಿದೆ. ಅತಿ ಹೆಚ್ಚು ಸಾವು ಕಂಡ ರಾಜ್ಯಗಳಲ್ಲಿ ಆಂಧ್ರವೂ ಒಂದು. ತೆರೆಯ ಮೇಲೆ ಆಯ್ಕೆ ಕೊಡಿ: ಹಗ್ಗ ಬಿಗಿದು ಕಟ್ಟು, ಬ್ಲೇಡಿನಿಂದ ಕೊಯ್ಯಿ, ಮಂತ್ರದವರ ಹತ್ತಿರ ಹೋಗು, ಕೈಕಾಲು ಅಲ್ಲಾಡಿಸದೆ ಆಸ್ಪತ್ರೆಗೆ ಹೋಗು. ಸರಿ ಉತ್ತರ ಕೊನೆಯದೊಂದೇ. ಉಂಗುರ, ಕಾಲ್ಗೆಜ್ಜೆ ಬಿಚ್ಚಬೇಕು, ಊತ ಬಂದರೆ ಅವೇ ಬಿಗಿಯುತ್ತವೆ. ನಾಗರ, ಕೊಳಕುಮಂಡಲ, ಕಟ್ಟುಹಾವು, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ ಔಷಧ ಕೆಲಸ ಮಾಡುತ್ತದೆ. ಆದ್ದರಿಂದ ಹಾವು ಹುಡುಕಿ ಕೊಲ್ಲುತ್ತಾ ಹೊತ್ತು ಕಳೆಯಬಾರದು. ಕಟ್ಟುಹಾವು ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಡಿದರೆ ನೋವೂ ಗೊತ್ತಾಗದೇ ಇರಬಹುದು. ಬೆಳಗಾಗುವಷ್ಟರಲ್ಲಿ ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ. ಇದನ್ನು ಬಲ್ಲ ಮಗು ಮನೆಯಲ್ಲಿದ್ದರೆ 'ಗಾಳಿ ಸೋಕಿದೆ' ಎಂದು ಯಾರೂ ಸುಮ್ಮನೆ ಕೂರುವುದಿಲ್ಲ.

ಪಂಪ್‌ಸೆಟ್ ಸ್ಟಾರ್ಟರ್ ಬಳಿ ಅಪ್ಪ ಬಿದ್ದಿದ್ದರೆ ಓಡಿ ಹೋಗಿ ಹಿಡಿದುಕೊಳ್ಳುವುದು ಮಗುವಿನ ಸಹಜ ಬುದ್ಧಿ. ಹಾಗೆ ಹಿಡಿದರೆ ಒಂದರ ಜಾಗದಲ್ಲಿ ಎರಡು ಜೀವ. ಮೊದಲು ಮೇನ್ ಆಫ್ ಮಾಡಬೇಕು, ಆಮೇಲೆ ಮುಟ್ಟಬೇಕು. ಈ 'ಮೊದಲು-ಆಮೇಲೆ'ಯನ್ನು ಕಲಿಸಲು ತೆರೆಯ ಆಟಕ್ಕಿಂತ ಸುರಕ್ಷಿತ ಜಾಗ ಬೇರೆ ಇಲ್ಲ. ಇಲ್ಲಿ ತಪ್ಪು ಮಾಡಿದರೆ ಯಾರೂ ಸಾಯುವುದಿಲ್ಲ.

ಬೇಸಿಗೆ ರಜೆಯಲ್ಲಿ ಕುಂಟೆ, ಕೆರೆ, ಕೃಷಿ ಹೊಂಡಕ್ಕೆ ಈಜಲು ಹೋಗುವವರು ಇದೇ ವಯಸ್ಸಿನವರು. ಗೆಳೆಯ ಮುಳುಗುತ್ತಿದ್ದರೆ ಈಜು ಬಾರದವನು ಹಾರಬಾರದು. ಹಗ್ಗ, ಪಂಚೆ, ಉದ್ದನೆ ಕೋಲು, ಮುಚ್ಚಳ ಹಾಕಿದ ಖಾಲಿ ಬಿಂದಿಗೆ ಏನಾದರೂ ಎಸೆಯಬೇಕು. ಮೇಲೆತ್ತಿದ ಮೇಲೆ ಹೊಟ್ಟೆ ಒತ್ತಿ ನೀರು ತೆಗೆಯುವುದು, ತಲೆಕೆಳಗಾಗಿ ತಿರುಗಿಸುವುದು ಎಲ್ಲ ಹಳೆಯ ತಪ್ಪು ಪದ್ಧತಿ. ನೀರಿನಿಂದ ತೆಗೆದವರಿಗೆ ಎದೆ ಒತ್ತುವುದರ ಜೊತೆಗೆ ಬಾಯಿಂದ ಉಸಿರು ಕೊಡುವುದೂ ಮುಖ್ಯ. ಇದನ್ನು ಮಾತ್ರ ತರಬೇತಾದವರಿಂದಲೇ ಕಲಿಯಬೇಕು.

ಮೂರ್ಛೆ ಬಂದವರ ಕೈಗೆ ಕಬ್ಬಿಣ, ಬೀಗದ ಕೈ ಕೊಡುವುದು ನಮ್ಮಲ್ಲಿ ಇನ್ನೂ ನಿಂತಿಲ್ಲ. ಅದರಿಂದ ಪ್ರಯೋಜನವಿಲ್ಲ. ಸುತ್ತಲಿನ ಕಲ್ಲು, ಚೂಪು ವಸ್ತು ಸರಿಸಿ, ತಲೆ ಕೆಳಗೆ ಬಟ್ಟೆ ಇಟ್ಟು, ಪಕ್ಕಕ್ಕೆ ಹೊರಳಿಸಿದರೆ ಸಾಕು. ಬಾಯಿಗೆ ಏನೂ ತುರುಕಬಾರದು.

108ಕ್ಕೆ ಏನು ಹೇಳಬೇಕು?

108 ಹುಟ್ಟಿದ್ದೇ ಅವಿಭಜಿತ ಆಂಧ್ರದಲ್ಲಿ. 2005ರ ಆಗಸ್ಟ್ 15ರಂದು ಹೈದರಾಬಾದಿನಲ್ಲಿ ಈ ಸೇವೆ ಆರಂಭವಾಯಿತು. ಕರ್ನಾಟಕಕ್ಕೆ 'ಆರೋಗ್ಯ ಕವಚ' ಹೆಸರಿನಲ್ಲಿ ಬಂದದ್ದು 2008ರ ನವೆಂಬರ್ 1ರಂದು. ನಂಬರ್ ಒಂದೇ, ಆದರೆ ಎರಡು ರಾಜ್ಯಕ್ಕೆ ಎರಡು ಕಾಲ್ ಸೆಂಟರ್. ಗಡಿಯಲ್ಲಿರುವವರಿಗೆ ಇಲ್ಲಿ ಒಂದು ತೊಡಕು. ಹಿಂದೂಪುರದ ಆಚೆ ಗೌರಿಬಿದನೂರು, ಕಲ್ಯಾಣದುರ್ಗದ ಆಚೆ ಪಾವಗಡ. ಮೊಬೈಲು ಆಚೆಯ ಟವರ್ ಹಿಡಿದಿದ್ದರೆ ಕರೆಯೂ ಆಚೆಗೇ ಹೋಗುವ ಸಂಭವ ಉಂಟು. ಆದ್ದರಿಂದ ಊರಿನ ಹೆಸರಷ್ಟೇ ಹೇಳಿದರೆ ಸಾಲದು. ರಾಜ್ಯ, ಜಿಲ್ಲೆ, ಮಂಡಲ, ಊರು, ಹತ್ತಿರದ ಗುರುತು ಈ ಐದನ್ನೂ ಹೇಳಬೇಕು. 2022ರ ಏಪ್ರಿಲ್‌ನಿಂದ ಹಿಂದೂಪುರ, ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿವೆ. ಕಲ್ಯಾಣದುರ್ಗ, ರಾಯದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿದಿವೆ. ಹಳೇ ಅಭ್ಯಾಸದಲ್ಲಿ ಎಲ್ಲಕ್ಕೂ 'ಅನಂತಪುರ' ಅನ್ನುವವರು ಇದನ್ನು ಮಕ್ಕಳಿಗೆ ಸರಿಯಾಗಿ ಹೇಳಿಕೊಡಬೇಕು.

ಇನ್ನೊಂದು ತೊಡಕು ಭಾಷೆ. ನನ್ನದು ಮನೆಯಲ್ಲಿ ಮರಾಠಿ, ಬೀದಿಯಲ್ಲಿ ಕನ್ನಡ, ಆಫೀಸಿನಲ್ಲಿ ತೆಲುಗು ಕೇಳುವ ಬದುಕು. ಮೂರೂ ಬರುತ್ತವೆ ಎನ್ನುವ ಜಂಬ ಗಾಬರಿಯಾದಾಗ ಕೆಲಸಕ್ಕೆ ಬರುವುದಿಲ್ಲ. ಆಗ ಬಾಯಿಗೆ ಬರುವುದು ಮನೆಮಾತೇ. ಕನ್ನಡ ಮನೆಯ ಮಗುವಿಗೂ ಹಾಗೇ. ಆ ಕಡೆಯಿಂದ 'ಚೆಪ್ಪಂಡಿ, ಏಮಯ್ಯಿಂದಿ? ಎಕ್ಕಡ?' ಎಂದು ಕೇಳಿದಾಗ ಉತ್ತರ ತಡವರಿಸಬಾರದು. ಹಾಗಾಗಿ ಆಟದಲ್ಲಿ ಫೋನ್ ದೃಶ್ಯ ಇರಲೇಬೇಕು, ಅದೂ ತೆಲುಗಿನಲ್ಲೇ. ನಾಲ್ಕು ವಾಕ್ಯ ಬಾಯಿಪಾಠ ಮಾಡಿಸಿದರೆ ಸಾಕು:

- 'ಮನಿಷಿ ಪಡಿಪೋಯಾಡು, ಊಪಿರಿ ಆಡಟ್ಲೇದು' (ಮನುಷ್ಯ ಬಿದ್ದುಬಿಟ್ಟಿದ್ದಾನೆ, ಉಸಿರಾಡುತ್ತಿಲ್ಲ)
- 'ಪಾಮು ಕರಿಚಿಂದಿ' (ಹಾವು ಕಚ್ಚಿದೆ)
- 'ಕರೆಂಟ್ ಷಾಕ್ ಕೊಟ್ಟಿಂದಿ' (ಕರೆಂಟ್ ಹೊಡೆದಿದೆ)
- 'ಆಕ್ಸಿಡೆಂಟ್ ಅಯ್ಯಿಂದಿ, ರಕ್ತಂ ಪೋತೋಂದಿ' (ಅಪಘಾತವಾಗಿದೆ, ರಕ್ತ ಹೋಗುತ್ತಿದೆ)

ಅವರು ಸಾಕು ಎನ್ನುವ ತನಕ ಫೋನ್ ಇಡಬಾರದು ಎಂಬುದು ಐದನೇ ಪಾಠ.

'ಕೇಸ್ ಆಗುತ್ತಾ ಸಾರ್?'

ರಸ್ತೆ ಅಪಘಾತದ ಮಾತು ಬಂದ ಕೂಡಲೇ ದೊಡ್ಡವರ ಬಾಯಲ್ಲಿ ಬರುವ ಮಾತಿದು. ಕೊಡಿಕೊಂಡ ಚೆಕ್‌ಪೋಸ್ಟ್ ಕಡೆ 44ನೇ ಹೆದ್ದಾರಿಯಲ್ಲಿ ಆಗಲಿ, ಒಳರಸ್ತೆಯಲ್ಲಿ ಆಗಲಿ, ಬೈಕ್ ಬಿದ್ದರೆ ನೋಡುವವರು ಹತ್ತು ಜನ, ಮುಟ್ಟುವವರು ಒಬ್ಬರೋ ಇಬ್ಬರೋ. ಈ ಭಯಕ್ಕೆ ಈಗ ಆಧಾರವಿಲ್ಲ. 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟ್ ಗಾಯಾಳುವಿಗೆ ನೆರವಾದವರಿಗೆ ರಕ್ಷಣೆ ಕೊಡುವ ನಿಯಮಗಳನ್ನು ಎತ್ತಿಹಿಡಿಯಿತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 134ಎ ಕಲಮಿನಲ್ಲಿ ಅದು ಕಾನೂನೇ ಆಯಿತು. ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ ಕೇಸ್ ಹಾಕುವಂತಿಲ್ಲ. ಹೆಸರು, ವಿಳಾಸ ಕೊಡಲೇಬೇಕೆಂದು ಬಲವಂತ ಮಾಡುವಂತಿಲ್ಲ. ಸಾಕ್ಷಿ ಹೇಳುವುದು ಅವರ ಇಷ್ಟ. ಅಪಾಯದ ಮೊದಲ ತಾಸಿನಲ್ಲೇ ಆಸ್ಪತ್ರೆ ಸೇರಿಸಿ ಜೀವ ಉಳಿಸಿದವರಿಗೆ ಕೊಡುವ ಕೇಂದ್ರದ ಬಹುಮಾನ 2021ರಲ್ಲಿ 5 ಸಾವಿರ ಇದ್ದದ್ದು 2025ರಲ್ಲಿ 25 ಸಾವಿರ ರೂಪಾಯಿ ಆಗಿದೆ. ಗಾಯಾಳುವಿಗೆ ಏಳು ದಿನ, 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆಯ ಯೋಜನೆಯೂ 2025ರ ಮೇನಲ್ಲಿ ಜಾರಿಗೆ ಬಂದಿದೆ. ಇದನ್ನು ಮಕ್ಕಳು ಆಟದಲ್ಲಿ ಕಲಿತು ಮನೆಯಲ್ಲಿ ಅಪ್ಪನಿಗೆ ಹೇಳಿದರೆ ಅಪ್ಪನ ಭಯವೂ ಹೋಗುತ್ತದೆ.

ಖರ್ಚು ಎಷ್ಟು?

ಆಂಧ್ರದ ಸರ್ಕಾರಿ ಶಾಲೆಗಳಿಗೆ ತೆರೆ ಈಗ ಹೊಸತಲ್ಲ. 2022ರ ಡಿಸೆಂಬರ್‌ನಲ್ಲಿ ಎಂಟನೇ ತರಗತಿ ಮಕ್ಕಳಿಗೆ ರಾಜ್ಯ ಸರ್ಕಾರ ಟ್ಯಾಬ್ ಹಂಚಿತ್ತು. 'ನಾಡು-ನೇಡು' ಕಾರ್ಯಕ್ರಮದಲ್ಲಿ ಹೈಸ್ಕೂಲ್‌ಗಳಿಗೆ ದೊಡ್ಡ ಡಿಜಿಟಲ್ ಬೋರ್ಡ್‌ಗಳೂ ಬಂದಿವೆ. ಕಣ್ಣಿಗೆ ಕಟ್ಟುವ ವಿಆರ್ ಪೆಟ್ಟಿಗೆ ಇಲ್ಲದಿದ್ದರೂ ನಡೆಯುತ್ತದೆ. ಬೋರ್ಡ್ ಮೇಲೆ ದೃಶ್ಯ ಹಾಕಿ ಇಡೀ ತರಗತಿ ಕೈ ಎತ್ತಿ ಉತ್ತರ ಹೇಳಿದರೆ ಅದೂ ಸಿಮ್ಯುಲೇಷನ್ನೇ. ಗೊಂಬೆ ಇಲ್ಲದಿದ್ದರೆ ಗಟ್ಟಿ ಹತ್ತಿ ದಿಂಬು, ಹಳೆ ಫುಟ್‌ಬಾಲು. ತಾಳಕ್ಕೆ ಮೊಬೈಲು. ಹೊಸದಾಗಿ ಕೊಳ್ಳಬೇಕಾದದ್ದು ಹೆಚ್ಚೇನಿಲ್ಲ, ಮನಸ್ಸು ಬೇಕು.

ಕಲಿಸುವವರು? ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿ, 108ರ ತಂತ್ರಜ್ಞರು, ಜೂನಿಯರ್ ರೆಡ್‌ಕ್ರಾಸ್, ಎನ್‌ಸಿಸಿ ನೋಡಿಕೊಳ್ಳುವ ಮೇಷ್ಟ್ರುಗಳು ಇದ್ದಾರೆ. ಕಲ್ಯಾಣದುರ್ಗದಲ್ಲಿ ಗ್ರಾಮೀಣಾಭಿವೃದ್ಧಿ ಟ್ರಸ್ಟ್‌ನ ಆಸ್ಪತ್ರೆ ಇದೆ. ಪುಟ್ಟಪರ್ತಿಯಲ್ಲಿ 1991ರಿಂದ ಉಚಿತವಾಗಿ ಹೃದಯ ಚಿಕಿತ್ಸೆ ಕೊಡುವ ದೊಡ್ಡ ಆಸ್ಪತ್ರೆ ಇದೆ. ಗಡಿಯ ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಕರೆಸುವ ಜೊತೆಗೆ ಒಂದು ಕನ್ನಡ ದೃಶ್ಯಪಾಠ ಮಾಡಿಸಿದರೆ ಅದು ವರ್ಷವರ್ಷವೂ ಉಳಿಯುತ್ತದೆ. ಪೋಷಕರ-ಶಿಕ್ಷಕರ ಸಭೆಯಲ್ಲಿ ಅಂಕಪಟ್ಟಿಯ ಮಾತು ಮುಗಿದ ಮೇಲೆ 'ನಮ್ಮ ಮಕ್ಕಳಿಗೆ ಇದನ್ನ ಕಲಿಸ್ತೀರಾ ಸಾರ್?' ಎಂದು ಒಬ್ಬ ಪಾಲಕ ಎದ್ದು ಕೇಳಿದರೂ ಸಾಕು, ಕೆಲಸ ಶುರುವಾಗುತ್ತದೆ. ಅಕ್ಟೋಬರ್ 16 ವಿಶ್ವ ಹೃದಯ ಪುನಶ್ಚೇತನ ದಿನ. ಮೊದಲ ಪಾಠಕ್ಕೆ ಅದೇ ಒಳ್ಳೆ ದಿನ.

ಕತ್ತರಿಸಿ ಗೋಡೆಗೆ ಅಂಟಿಸಿ

1. ಜಾಗ ಸುರಕ್ಷಿತವೇ ನೋಡಿ. ಕರೆಂಟ್ ಇದ್ದರೆ ಮೇನ್ ಆಫ್.
2. ಭುಜ ತಟ್ಟಿ ಜೋರಾಗಿ ಕೂಗಿ. ಉತ್ತರವಿಲ್ಲದಿದ್ದರೆ ಉಸಿರಾಟ ಹತ್ತು ಸೆಕೆಂಡ್ ಒಳಗೆ ನೋಡಿ. ಏದುಸಿರು ಉಸಿರಾಟವಲ್ಲ.
3. 108 ಅಥವಾ 112. ಸ್ಪೀಕರ್ ಹಾಕಿ. ರಾಜ್ಯ, ಜಿಲ್ಲೆ, ಮಂಡಲ, ಊರು, ಗುರುತು ಹೇಳಿ.
4. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಎದೆಯ ನಡುವೆ ಒಂದರ ಮೇಲೊಂದು ಅಂಗೈ ಇಟ್ಟು, ಮೊಣಕೈ ಬಗ್ಗಿಸದೆ ಒತ್ತಿ.
5. ಆಳ 5 ಸೆಂ.ಮೀ.ಗೆ ಕಡಿಮೆ ಬೇಡ, 6 ದಾಟಬೇಡಿ. ನಿಮಿಷಕ್ಕೆ 100ರಿಂದ 120. ಪ್ರತಿ ಸಲ ಎದೆ ಪೂರ್ತಿ ಮೇಲೆ ಬರಲು ಬಿಡಿ.
6. ಎರಡು ನಿಮಿಷಕ್ಕೊಮ್ಮೆ ಕೈ ಬದಲಿಸಿ. ಆಂಬುಲೆನ್ಸ್ ಬರುವವರೆಗೆ, ಇಲ್ಲವೇ ಮನುಷ್ಯ ಕೈಕಾಲು ಆಡಿಸುವವರೆಗೆ ನಿಲ್ಲಿಸಬೇಡಿ.
7. ಹಾವು ಕಡಿದರೆ ಕಟ್ಟಬೇಡಿ, ಕೊಯ್ಯಬೇಡಿ, ಹೀರಬೇಡಿ, ನಡೆಸಬೇಡಿ. ಔಷಧ ಇರುವ ಆಸ್ಪತ್ರೆಗೆ ನೇರ ಹೋಗಿ.
8. ಗಾಯದಿಂದ ರಕ್ತ ಹೋಗುತ್ತಿದ್ದರೆ ಶುಭ್ರ ಬಟ್ಟೆಯಿಂದ ಅದುಮಿ ಹಿಡಿಯಿರಿ, ಬಿಟ್ಟು ಬಿಟ್ಟು ನೋಡಬೇಡಿ.

ಇದನ್ನು ಓದಿದ ಮನೆಯವರು ಇವತ್ತು ರಾತ್ರಿ ಊಟ ಆದ ಮೇಲೆ ಒಂದು ದಿಂಬು ನೆಲಕ್ಕೆ ಹಾಕಿ, ಮಕ್ಕಳನ್ನು ಕೂರಿಸಿಕೊಂಡು, ಎರಡು ನಿಮಿಷ ಒತ್ತಿ ನೋಡಲಿ. ಮನೆಯ ವಿಳಾಸವನ್ನು ಮಂಡಲ, ಜಿಲ್ಲೆ ಸಮೇತ ಮಕ್ಕಳ ಬಾಯಿಂದ ಒಂದು ಸಲ ಹೇಳಿಸಲಿ. ಶಿಕ್ಷಣ ಇಲಾಖೆ, ಆರೋಗ್ಯ ಇಲಾಖೆಯವರು ಗಡಿಯ ಕನ್ನಡ ಶಾಲೆಗಳ ಕಡೆಗೂ ಗಮನ ಹರಿಸಲಿ ಎಂಬುದು ಈ ಭಾಗದ ಪಾಲಕರ ಪರವಾಗಿ ನಮ್ಮ ಬೇಡಿಕೆ.